ತಾಯಿ ಕೋಳಿ ಬರಲಿಲ್ಲ

ಮಕ್ಕಳಿರುವ ಮನೆಯಲ್ಲಿ ಒಂದು ಪ್ರಾಣಿ ಇದ್ದರೆ ಚೆನ್ನ ಎಂಬ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಅದನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಬಂದಾಗ ಮಾತ್ರ ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನಮ್ಮ ಮನೆಯಲ್ಲೂ ಹಾಗೆಯೇ ಆಯಿತು.

ನಮ್ಮದು ಜಗಳೂರು ತಾಲೂಕಿನ ಸೊಕ್ಕೆ. ಮಳೆ ಬಂದರೆ ಮೆಕ್ಕೆಜೋಳ, ಶೇಂಗಾ; ಬಾರದಿದ್ದರೆ ಸಾಲ. ಇಂಥ ಊರಿನಲ್ಲಿ ನೀರಿಗೆ ಬರ ಬರಬಹುದು, ಪ್ರಾಣಿಗಳಿಗೆ ಬರವಿಲ್ಲ. ಬೀದಿಯಲ್ಲಿ ನಾಯಿ, ಹಿತ್ತಲಲ್ಲಿ ಬೆಕ್ಕು, ಅಕ್ಕಪಕ್ಕದಲ್ಲಿ ಎಮ್ಮೆ, ಕುರಿ, ಮೇಕೆ. ಆದರೆ ಐದು ವರ್ಷದ ನಮ್ಮ ಮಗಳಿಗೆ ಅವುಗಳಲ್ಲಿ ಯಾವುದೂ ಸಾಲದು. ಅವಳಿಗೆ ಬೇಕಾದದ್ದು 'ನನ್ನದು' ಎಂದು ಹೇಳಿಕೊಳ್ಳಬಹುದಾದ ಒಂದು ಪುಟ್ಟ ಜೀವ.

ನಮಗೂ ಪುಟ್ಟದೇ ಬೇಕಿತ್ತು. ಕಡಿಮೆ ಖರ್ಚು, ಕಡಿಮೆ ಕೆಲಸ, ಕಡಿಮೆ ಗಲೀಜು. ಒಬ್ಬರು ಬೆಳಿಗ್ಗೆ ಬಸ್ಸು ಹಿಡಿದು ಜಗಳೂರಿಗೆ ಕೆಲಸಕ್ಕೆ ಹೋಗಬೇಕು, ಇನ್ನೊಬ್ಬರಿಗೆ ಮನೆ, ಹೊಲ, ವಯಸ್ಸಾದ ತಾಯಿಯ ಆರೈಕೆ. ನಾಲ್ಕು ದಿನ ಮರೆತರೂ ನಡೆಯುವಂಥ ಪ್ರಾಣಿ ಯಾವುದಾದರೂ ಇದೆಯೇ ಎಂದು ನಾವು ಹುಡುಕತೊಡಗಿದೆವು. ಹುಡುಕಾಟದ ಆರಂಭದಲ್ಲೇ ತಪ್ಪಿತ್ತು ಎಂಬುದು ಆಗ ನಮಗೆ ತಿಳಿದಿರಲಿಲ್ಲ.

ಸಲಹೆಗಳಿಗೇನೂ ಕೊರತೆಯಿರಲಿಲ್ಲ. ಸಂಬಂಧಿಕರೊಬ್ಬರು ಮರದ ಪೊಟರೆಯಿಂದ ಗಿಳಿಮರಿ ತೆಗೆಸಿಕೊಡುತ್ತೇನೆಂದರು. ನಮ್ಮ ಹಿರಿಯರ ಕಾಲದಲ್ಲಿ ಪಂಜರದ ಗಿಳಿ ಸಾಮಾನ್ಯವಾಗಿತ್ತು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮ ನೆಲದ ಗಿಳಿಯನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಕುರುಚಲು ಕಾಡಿನ ನಕ್ಷತ್ರ ಆಮೆಗೂ, ಹೊಲದ ಕಾಡುಮೊಲಕ್ಕೂ ಅದೇ ನಿಯಮ. ಕೊಂಡುಕುರಿಗಳ ರಕ್ಷಣೆಗೆಂದೇ 2011ರಲ್ಲಿ ರಂಗಯ್ಯನದುರ್ಗದಲ್ಲಿ ವನ್ಯಧಾಮ ಮಾಡಿದ ತಾಲೂಕು ನಮ್ಮದು. ಇಲ್ಲಿದ್ದುಕೊಂಡು ಮಗುವಿನ ಕೈಗೆ ಕದ್ದ ಹಕ್ಕಿಯನ್ನು ಕೊಡಲು ಮನಸ್ಸು ಬರಲಿಲ್ಲ.

ಪೇಟೆಯಲ್ಲಿ ಸಿಗುವ ಬಿಳಿ ಮೊಲ ಸಾಕಲು ಅಡ್ಡಿಯಿಲ್ಲ. ಆದರೆ ಅದು ಎಂಟು ಹತ್ತು ವರ್ಷ ಬದುಕುವ ಪ್ರಾಣಿ. ಅದಕ್ಕೆ ಸೆಖೆ ಆಗದು, ನಮ್ಮ ಬೇಸಿಗೆಯ ತಗಡಿನ ಮಾಡಿನ ಕೆಳಗೆ ಅದು ಬಳಲಿಹೋಗುತ್ತದೆ. ಚಿಕ್ಕ ಮಕ್ಕಳು ಎತ್ತಿಕೊಂಡಾಗ ಒದ್ದಾಡಿ ಬಿದ್ದರೆ ಬೆನ್ನುಮೂಳೆಯೇ ಮುರಿಯಬಹುದು. 'ಲವ್ ಬರ್ಡ್ಸ್' ಎಂದು ಮಾರುವ ಆಸ್ಟ್ರೇಲಿಯ ಮೂಲದ ಬಣ್ಣದ ಹಕ್ಕಿಗಳು ಉದುರಿಸುವ ಪುಕ್ಕದ ಧೂಳು ಉಬ್ಬಸದ ನಮ್ಮ ತಾಯಿಗೆ ಒಗ್ಗುವಂತಿರಲಿಲ್ಲ. ಮೇಕೆಮರಿಯ ಮಾತೂ ಬಂತು. ಬಾಲ್ಯದಲ್ಲಿ ಬಕ್ರೀದ್‌ಗೆಂದು ತಂದ ಮರಿಗೆ ಹೆಸರಿಟ್ಟು, ಹಬ್ಬದ ದಿನ ಊಟ ಬಿಟ್ಟು ಮಲಗಿದವರು ನಮ್ಮಲ್ಲೇ ಒಬ್ಬರಿದ್ದಾರೆ. ಆ ಪಾಠವನ್ನು ಐದನೇ ವರ್ಷಕ್ಕೇ ಕಲಿಸುವುದು ಬೇಡವೆಂದು ಸುಮ್ಮನಾದೆವು.

ಕೊನೆಗೆ ಆಯ್ಕೆ ಮಾಡಿದ್ದು ನಾವಲ್ಲ, ಜಾತ್ರೆ. ಚಳಿಗಾಲದ ಜಾತ್ರೆಯೊಂದರಲ್ಲಿ ಬುಟ್ಟಿಯ ತುಂಬ ಗುಲಾಬಿ, ಹಸಿರು, ನೀಲಿ ಬಣ್ಣದ ಕೋಳಿಮರಿಗಳಿದ್ದವು. ಮಗಳು ಅಲ್ಲೇ ಕುಳಿತುಬಿಟ್ಟಳು. ಮೂರು ಮರಿಗಳನ್ನು ತಂದೆವು. ಇವು ಮೊಟ್ಟೆ ಕೋಳಿಗಳ ಕೇಂದ್ರಗಳಲ್ಲಿ ಹುಟ್ಟುವ ಗಂಡುಮರಿಗಳು; ಮೊಟ್ಟೆ ಇಡುವುದಿಲ್ಲ, ಬೇಗ ಮೈತುಂಬುವುದೂ ಇಲ್ಲ ಎಂದು ಬಣ್ಣ ಹಚ್ಚಿ ಮಾರುತ್ತಾರೆ ಎಂಬುದು ಆಮೇಲೆ ತಿಳಿಯಿತು. ತಾಯಿಯ ರೆಕ್ಕೆಯಿಲ್ಲದ ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಶಾಖ ಬೇಕು ಎಂಬುದೂ ಆಮೇಲೆ ತಿಳಿಯಿತು. ರಟ್ಟಿನ ಪೆಟ್ಟಿಗೆ, ಒಂದು ಹಿಡಿ ನುಚ್ಚು, ಒಂದು ಬಲ್ಬು ಇಟ್ಟು ನಮ್ಮ ಕೆಲಸ ಮುಗಿಯಿತೆಂದುಕೊಂಡೆವು.

ಎರಡನೆಯ ರಾತ್ರಿ ಕರೆಂಟು ಹೋಯಿತು. ನಮಗೆ ಎಚ್ಚರವಾಗಿತ್ತು ಕೂಡ. ಎದ್ದು ಪೆಟ್ಟಿಗೆಯ ಮೇಲೊಂದು ಗೋಣಿಚೀಲ ಹೊದಿಸಬಹುದಿತ್ತು. ಇನ್ನೇನು ಬರುತ್ತದೆ ಎಂದು ಮಗ್ಗುಲು ಬದಲಿಸಿದೆವು. ಬೆಳಿಗ್ಗೆ ಮೂರೂ ಮರಿಗಳು ಒಂದರ ಮೇಲೊಂದು ಬಿದ್ದು ತಣ್ಣಗಾಗಿದ್ದವು.

ಮಗಳು ಏಳುವ ಮೊದಲೇ ಅವನ್ನು ಕಾಗದದಲ್ಲಿ ಸುತ್ತಿ ತಿಪ್ಪೆಗೆ ಹಾಕಿ ಬಂದೆವು. ಅವಳೆದ್ದು ಕೇಳಿದಾಗ, "ಅವುಗಳ ತಾಯಿ ಕೋಳಿ ಬಂದು ಕರಕೊಂಡು ಹೋಯ್ತಮ್ಮಾ" ಎಂದೆವು. ಅಳು ತಪ್ಪಿತು. ಎಷ್ಟು ಸುಲಭವಾಯಿತು ಎಂದು ನಮ್ಮ ಜಾಣತನಕ್ಕೆ ನಾವೇ ಮೆಚ್ಚಿಕೊಂಡೆವು.

ಮಗು ಅಳಲಿಲ್ಲ ನಿಜ, ಆದರೆ ಕಾಯತೊಡಗಿತು. ದಿನವೂ ಬಾಗಿಲ ಬಳಿ ನಾಲ್ಕು ಕಾಳು ಅಕ್ಕಿ ಇಡುತ್ತಿದ್ದಳು. ಓಣಿಯಲ್ಲಿ ಯಾವ ಹೇಂಟೆ ಕಂಡರೂ ಹಿಂದೆ ಹೋಗಿ, ಅದರ ಮರಿಗಳಲ್ಲಿ ಗುಲಾಬಿ ಬಣ್ಣದ್ದು ಇದೆಯೇ ಎಂದು ನೋಡುತ್ತಿದ್ದಳು. ಹತ್ತನೆಯದೋ ಹನ್ನೊಂದನೆಯದೋ ದಿನ ಪಕ್ಕದ ಮನೆಯ ಹುಡುಗ, "ನಿನ್ ಮರಿ ತಿಪ್ಪ್ಯಾಗ ಸತ್ತು ಬಿದ್ದಿದ್ವು, ನಾನೇ ನೋಡೀನಿ" ಎಂದುಬಿಟ್ಟ.

ಅವಳು ಮನೆಗೆ ಬಂದು ಅಳಲಿಲ್ಲ. "ಅಬ್ಬಾ, ತಾಯಿ ಕೋಳಿ ಬಂದಿರಲಿಲ್ವಾ?" ಎಂದು ಕೇಳಿದಳು. ನಾವು ಉತ್ತರ ಕೊಡುವ ಮೊದಲೇ ಅಮ್ಮಿಯ ಕಡೆ ತಿರುಗಿ ಅದನ್ನೇ ಕೇಳಿದಳು. ಇಬ್ಬರಲ್ಲೂ ಉತ್ತರವಿರಲಿಲ್ಲ. ಆಮೇಲೆ ಕೆಲವು ವಾರ ನಾವು ಏನು ಹೇಳಿದರೂ, ಸಂಜೆ ಬೇಗ ಬರುತ್ತೇವೆ ಎಂದರೂ ಸಹ, ಅವಳು ಓಡಿಹೋಗಿ ದಾದಿಯ ಬಳಿ "ನಿಜಾನಾ?" ಎಂದು ಕೇಳಿಕೊಂಡು ಬರುತ್ತಿದ್ದಳು. ಮೂರು ಕೋಳಿಮರಿಗಳ ಜತೆ ನಾವು ಕಳೆದುಕೊಂಡದ್ದೇನು ಎಂಬುದು ಆಗ ಅರ್ಥವಾಯಿತು.

ಆ ದಿನಗಳಲ್ಲಿ ನಮ್ಮ ತಾಯಿ ಒಂದು ಹದೀಸನ್ನು ನೆನಪಿಸಿದರು. ಮದೀನಾದಲ್ಲಿ ಪ್ರವಾದಿವರ್ಯರ(ಸ) ಸೇವೆಯಲ್ಲಿದ್ದ ಅನಸ್(ರ)ರಿಗೆ ಒಬ್ಬ ಪುಟ್ಟ ತಮ್ಮನಿದ್ದ. ಅವನನ್ನು ಅಬೂ ಉಮೈರ್ ಎಂದು ಕರೆಯುತ್ತಿದ್ದರು. ಅವನಲ್ಲಿ 'ನುಗೈರ್' ಎಂಬ ಒಂದು ಸಣ್ಣ ಹಕ್ಕಿಯಿತ್ತು. ಅದು ಸತ್ತುಹೋದಾಗ ಹುಡುಗ ಮಂಕಾಗಿ ಕುಳಿತಿದ್ದುದನ್ನು ಪ್ರವಾದಿವರ್ಯರು(ಸ) ಕಂಡರು. ಹೋದರೆ ಹೋಯಿತು ಬಿಡು, ಇನ್ನೊಂದು ತಂದರಾಯಿತು ಎನ್ನಲಿಲ್ಲ. ಅವನ ಹೆಸರು ಹಿಡಿದು ಕರೆದು, ಹಕ್ಕಿಗೇನಾಯಿತು ಎಂದು ಅವನನ್ನೇ ಕೇಳಿದರು. ಇಷ್ಟೇ ಘಟನೆ. ಹತ್ತನೆಯ ಶತಮಾನದ ವಿದ್ವಾಂಸ ಇಬ್ನುಲ್ ಕಾಸ್ ಈ ಒಂದು ಪುಟ್ಟ ಹದೀಸಿನಿಂದ ಅರವತ್ತು ಪಾಠಗಳನ್ನು ಹೆಕ್ಕಿ ಒಂದು ಕಿರುಗ್ರಂಥವನ್ನೇ ಬರೆದರು. ನಮಗೆ ಒಂದೇ ಪಾಠ ಸಾಕಾಗಿತ್ತು. ಸಾವನ್ನು ಮಗುವಿನಿಂದ ಬಚ್ಚಿಡುವುದು ಪ್ರೀತಿಯಲ್ಲ, ಅದರ ಪಕ್ಕದಲ್ಲಿ ಕುಳಿತು ಕೇಳುವುದು ಪ್ರೀತಿ.

ಮತ್ತೆ ಪ್ರಾಣಿಯ ಮಾತೆತ್ತುವ ಧೈರ್ಯ ನಮಗಿರಲಿಲ್ಲ. ದಾರಿ ತೋರಿಸಿದ್ದು ಡೆಂಗಿಯ ಲಾರ್ವಾ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆ. ನಮ್ಮ ಅಂಗಳದ ಸಿಮೆಂಟ್ ತೊಟ್ಟಿಯಲ್ಲಿ ಕುಣಿಯುತ್ತಿದ್ದ ಸೊಳ್ಳೆ ಹುಳುಗಳನ್ನು ಮಗಳಿಗೆ ತೋರಿಸಿ, ನಮ್ಮ ತಾಯಿಗೆ ಹೇಳಿದರು: "ಅಜ್ಜೀ, ನೀರು ಚೆಲ್ಲಾಕ ಮನಸ್ಸಿಲ್ಲ ಅಂದ್ರ ಗಪ್ಪಿ ಮೀನಾದ್ರೂ ಬಿಡ್ರಿ." ಬೋರ್‌ವೆಲ್ ನೀರಿಗೆ ಕಾಯುವ ಊರಿನಲ್ಲಿ ತುಂಬಿದ ತೊಟ್ಟಿಯನ್ನು ಚೆಲ್ಲಲು ಯಾರಿಗೆ ಮನಸ್ಸು ಬಂದೀತು? ಮಲೇರಿಯಾ ತಡೆಗೆ ರಾಜ್ಯದ ಎಷ್ಟೋ ಹಳ್ಳಿಗಳ ಬಾವಿ, ತೊಟ್ಟಿಗಳಲ್ಲಿ ಬಿಟ್ಟಿದ್ದ ಮೀನೇ ಇದು. ದಕ್ಷಿಣ ಅಮೆರಿಕದ ಕಡೆಯದು, ಹೆಬ್ಬೆರಳಿನಷ್ಟೂ ಉದ್ದವಿಲ್ಲ. ಗಂಡಿಗೆ ಬಣ್ಣದ ಬಾಲ, ಹೆಣ್ಣು ಬೂದುಬಣ್ಣದ್ದು, ತುಸು ದೊಡ್ಡದು. ಮೊಟ್ಟೆ ಇಡದೆ ತಿಂಗಳಿಗೊಮ್ಮೆ ಮರಿಯನ್ನೇ ಹಾಕುತ್ತದೆ.

ಈ ಸಲ ತರುವ ಮೊದಲೇ ಕೇಳಿ ತಿಳಿದುಕೊಂಡೆವು. ಮೇಜಿನ ಮೇಲಿನ ಗಾಜಿನ ಬುರುಡೆ ಮೀನಿಗೆ ಮನೆಯಲ್ಲ. ಸ್ವಲ್ಪ ನೀರಿನಲ್ಲಿ ಅದರ ಮಲವೇ ಅದಕ್ಕೆ ವಿಷ. ಆ ವಿಷವನ್ನು ಕರಗಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ನೆಲೆಗೊಳ್ಳಲು ತಿಂಗಳಾದರೂ ಬೇಕು. ಆದ್ದರಿಂದ ದೊಡ್ಡ ತೊಟ್ಟಿ, ಕಡಿಮೆ ಮೀನು. ಪಾಚಿಯನ್ನು ಉಜ್ಜಿ ತೆಗೆಯಬಾರದು. ನೀರನ್ನು ಪೂರ್ತಿ ಬದಲಿಸದೆ ವಾರಕ್ಕೆ ಕಾಲು ಭಾಗ ಮಾತ್ರ ತೆಗೆಯಬೇಕು. ತೆಗೆದ ನೀರು ಕರಿಬೇವು, ನುಗ್ಗೆ ಗಿಡಗಳಿಗೆ ಒಳ್ಳೆಯ ಗೊಬ್ಬರ; ನಮ್ಮಲ್ಲಿ ಒಂದು ಬಿಂದಿಗೆಯೂ ವ್ಯರ್ಥವಾಗುವುದಿಲ್ಲ. ಬ್ಲೀಚಿಂಗ್ ಪೌಡರ್ ಹಾಕಿದ ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು ಸುರಿಯಬೇಕು. ಆಹಾರ ದಿನಕ್ಕೊಂದು ಚಿಟಿಕೆ ಸಾಕು. ಎರಡು ದಿನ ನಾವು ಊರಲ್ಲಿಲ್ಲದಿದ್ದರೂ ಸೊಳ್ಳೆ ಹುಳು, ಪಾಚಿ ತಿಂದುಕೊಂಡಿರುತ್ತವೆ. ಹೆಚ್ಚಾದ ಮರಿಗಳನ್ನು ಕೆರೆಗೆ ಮಾತ್ರ ಬಿಡಬಾರದು, ಅಲ್ಲಿಯ ನಾಡಮೀನುಗಳಿಗೆ ಅವು ಕಂಟಕ.

ಇನ್ನೆರಡು ಮಾತು ಎಲ್ಲಕ್ಕಿಂತ ಮುಖ್ಯ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ತೊಟ್ಟಿಯ ಮೇಲೆ ಗಟ್ಟಿ ಜಾಲರಿ ಇರಲೇಬೇಕು. ಮಗು ಮುಳುಗಲು ಮೊಣಕಾಲುದ್ದ ನೀರೂ ಬೇಡ. ಮೀನಾಗಲಿ, ಕೋಳಿಯಾಗಲಿ, ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ಕೋಳಿಮರಿಗಳಿಂದ ಎಳೆಯ ಮಕ್ಕಳಿಗೆ ಹೊಟ್ಟೆಯ ಸೋಂಕು ಬರುವುದುಂಟು.

ಎರಡು ಗಂಡು, ನಾಲ್ಕು ಹೆಣ್ಣು ತಂದು ಬಿಟ್ಟೆವು. ಬೆಳಿಗ್ಗೆ ಚಿಟಿಕೆ ಆಹಾರ ಹಾಕುವುದು ಮಗಳ ಕೆಲಸ. ಅವಳು ಹಾಕಿದಳೇ ಎಂದು ನೋಡುವುದು ನಮ್ಮ ಕೆಲಸ. ಐದು ವರ್ಷದ ಮಗು ಪ್ರಾಣಿ ಸಾಕುವುದಿಲ್ಲ. ಸಾಕುವವರು ದೊಡ್ಡವರು, ಮಗು ಜತೆಗಿದ್ದು ಕಲಿಯುತ್ತದೆ. ನಮಗೆ ಪುರುಸೊತ್ತಿಲ್ಲದಿದ್ದರೆ ಪ್ರಾಣಿಯೂ ಬೇಡ. ಮರೆತರೂ ನಡೆಯುವ ಜೀವ ಯಾವುದೂ ಇಲ್ಲ.

ಮೂರನೆಯ ತಿಂಗಳು ಒಂದು ಬೆಳಿಗ್ಗೆ ಹೆಣ್ಣು ಮೀನೊಂದು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಮಗಳು ಇನ್ನೂ ಎದ್ದಿರಲಿಲ್ಲ. ಮೀನು ಕೈಗೆ ಬಂದದ್ದೂ ಆಯಿತು, ತಿಪ್ಪೆ ಹತ್ತು ಹೆಜ್ಜೆ ದೂರದಲ್ಲೇ ಇತ್ತು. ಆದರೆ ಅದನ್ನು ಒಂದು ಎಲೆಯ ಮೇಲಿಟ್ಟು ಅವಳು ಏಳುವವರೆಗೆ ಕಾದೆವು.

ಅವಳು ಬಂದು ಬಹಳ ಹೊತ್ತು ನೋಡಿದಳು. ಆಮೇಲೆ ಮುಖವೆತ್ತಿ, "ಅದರ ತಾಯಿ ಬಂದು ಕರಕೊಂಡು ಹೋಗುತ್ತಾ?" ಎಂದಳು.

"ಇಲ್ಲಮ್ಮಾ, ಸತ್ತುಹೋಗಿದೆ."

ಅವಳು ಅತ್ತಳು. ಪಕ್ಕದಲ್ಲಿ ಕುಳಿತುಕೊಂಡೆವು. ಕರಿಬೇವಿನ ಗಿಡದ ಬುಡದಲ್ಲಿ ಅವಳೇ ಚಮಚದಿಂದ ಗುಳಿ ತೋಡಿ ಮಣ್ಣು ಮುಚ್ಚಿದಳು. ಕೈ ತೊಳೆದುಕೊಂಡು ಬಂದವಳು, ಉಳಿದ ಐದಕ್ಕೆ ಆಹಾರ ಹಾಕಲು ತೊಟ್ಟಿಯ ಕಡೆ ಹೋದಳು. ದಾದಿಯ ಬಳಿ ಕೇಳಲು ಹೋಗಲಿಲ್ಲ.