ದೀಪ ಆರಿಸಿದರೆ ಅಪಾಯ ಆರುವುದೇ?

ಕಾರು ಹತ್ತಿದೊಡನೆ ನಮ್ಮ ಗಮನವೆಲ್ಲ ಮಕ್ಕಳು, ಬುತ್ತಿ ಡಬ್ಬಿ, ನೀರಿನ ಬಾಟಲಿಗಳ ಮೇಲೆ. ಸ್ಟಿಯರಿಂಗ್ ಮುಂದಿನ ದೀಪಗಳನ್ನು ನೋಡುವುದು ಗಂಡಸರ ಕೆಲಸವೆಂದು ಬಿಟ್ಟುಬಿಡುತ್ತೇವೆ. ಆದರೆ ಅಲ್ಲಿ ನಮ್ಮ ಜೀವಕ್ಕೇ ಸಂಬಂಧಿಸಿದ ಒಂದು ದೀಪವಿದೆ. ಕುಳಿತ ಮನುಷ್ಯ, ಅವನ ಮುಂದೊಂದು ದುಂಡನೆಯ ಚೆಂಡು, ಇದು ಅದರ ಚಿತ್ರ. ಅದೇ ಏರ್‌ಬ್ಯಾಗಿನ ದೀಪ.

ಕೀ ತಿರುಗಿಸಿದಾಗ ಈ ದೀಪ ಹತ್ತಬೇಕು, ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ಅಷ್ಟರಲ್ಲಿ ಕಾರು ತನ್ನ ಏರ್‌ಬ್ಯಾಗನ್ನು ತಾನೇ ಪರೀಕ್ಷಿಸಿಕೊಂಡಿರುತ್ತದೆ. ಆರದೆ ಉಳಿದರೆ ಎಲ್ಲೋ ದೋಷವಿದೆ, ಅಪಘಾತವಾದಾಗ ಏರ್‌ಬ್ಯಾಗ್ ತೆರೆಯದಿರಬಹುದು ಎಂದರ್ಥ.

ನಮ್ಮದು ಇನ್ನೊಬ್ಬರಿಂದ ಕೊಂಡ ಹಳೆಯ ಕಾರು. ಒಂದು ಮಳೆಗಾಲದಲ್ಲಿ ಹತ್ತಿದ ಈ ದೀಪ ಆರಲೇ ಇಲ್ಲ. ಆಗ ನನ್ನ ತಂಗಿ ಏಳು ತಿಂಗಳ ಗರ್ಭಿಣಿ, ಖಾನಾಪುರದ ತವರಿನಲ್ಲಿದ್ದಳು. ಹದಿನೈದು ದಿನಕ್ಕೊಮ್ಮೆ ಅವಳನ್ನು ತಪಾಸಣೆಗೆ ಬೆಳಗಾವಿಗೆ ಕರೆತರಬೇಕಿತ್ತು. ಅವಳ ಎರಡು ವರ್ಷದ ಮಗಳು ತಾಯಿಯ ತೊಡೆ ಬಿಟ್ಟು ಇಳಿಯುವವಳಲ್ಲ. ಸುಮಾರು 25 ಕಿಲೋಮೀಟರ್ ದಾರಿ, ಮೇಲೆ ಖಾನಾಪುರದ ಮಳೆ, ಗೋವಾ ಕಡೆಯ ಲಾರಿಗಳು.

ರಸ್ತೆ ಬದಿಯ ಮಿಸ್ತ್ರಿಯೊಬ್ಬರು ಇಣುಕಿ ನೋಡಿ, "ಸಾಹೇಬ್ರ, ಇದೇನ ದೊಡ್ಡದಲ್ರಿ. ಬಲ್ಬ್ ತಗದ ಬಿಡ್ತೇನಿ, ಮುಂದ ದೀಪಾನೂ ಹತ್ತೂದಿಲ್ಲ, ಚಿಂತಿನೂ ಇರೂದಿಲ್ಲ" ಎಂದರು. ನಮ್ಮ ಮನೆಯವರು ನನ್ನತ್ತ ನೋಡಿದರು. ನಾನು ಟೀಚರ್, ನನಗೆ ಯಂತ್ರದ ವಿಷಯ ಗೊತ್ತಿಲ್ಲ. ಆದರೆ, "ತರಗತಿಯಲ್ಲಿ ಕೈಯೆತ್ತಿದ ಮಗುವಿನ ಕೈ ಇಳಿಸಿಬಿಟ್ಟರೆ ಅದರ ಪ್ರಶ್ನೆಗೆ ಉತ್ತರ ಕೊಟ್ಟಂತಾಯಿತೇ?" ಎಂದೆ. ಅವರು ನಕ್ಕು ಕಾರು ತಿರುಗಿಸಿದರು.

ಮರುದಿನ ಉದ್ಯಮಬಾಗದ ವರ್ಕ್‌ಶಾಪೊಂದರಲ್ಲಿ ಸ್ಕ್ಯಾನರ್ ಜೋಡಿಸಿ ನೋಡಿದರು. ಮುಂದಿನ ಸೀಟನ್ನು ಹಿಂದೆ ಮುಂದೆ ಸರಿಸಿ ಸರಿಸಿ ಅದರ ಕೆಳಗಿನ ಹಳದಿ ತಂತಿಯ ಜೋಡಣೆ ಸಡಿಲವಾಗಿತ್ತು, ಅಷ್ಟೆ. ಅದನ್ನು ಭದ್ರಪಡಿಸಿ, ಕಂಪ್ಯೂಟರಿನಲ್ಲಿ ದಾಖಲಾಗಿದ್ದ ದೋಷವನ್ನು ಅಳಿಸಿದ ಮೇಲೆ ದೀಪ ಆರಿತು. ಬೇರೆ ಕಾರುಗಳಲ್ಲಿ ಸ್ಟಿಯರಿಂಗ್ ಒಳಗಿನ ಸುರುಳಿ ತಂತಿ, ಸೀಟ್ ಬೆಲ್ಟ್ ಬಿಗಿಸುವ ಭಾಗ, ಡಿಕ್ಕಿಯನ್ನು ಗುರುತಿಸುವ ಸೆನ್ಸರ್ ಅಥವಾ ದುರ್ಬಲ ಬ್ಯಾಟರಿ ಕಾರಣವಾಗಬಹುದು. ಆದರೆ ಆ ಹಳದಿ ತಂತಿಗಳನ್ನು ಮನೆಯಲ್ಲಿ ಯಾರೂ ಮುಟ್ಟಬಾರದು. ಏರ್‌ಬ್ಯಾಗ್ ಸಿಡಿಮದ್ದಿನಂಥ ವಸ್ತುವಿನಿಂದ ತೆರೆಯುವಂಥದ್ದು.

"ದೀಪ ಆರಿತಲ್ಲ ಬೇಟಿ, ಇನ್ನು ಅವಳು ಮಗುವನ್ನು ಹಿಡಿದುಕೊಂಡು ಮುಂದೆ ಆರಾಮಾಗಿ ಕೂರಲಿ" ಎಂದರು ಅಮ್ಮಿ. ತಾಯಿಯ ಮಡಿಲಿಗಿಂತ ಭದ್ರವಾದ ಜಾಗವುಂಟೇ ಎಂಬುದು ಅವರ ಭಾವನೆ. ಸಹೋದರಿಯರೇ, ಕಾರಿನಲ್ಲಿ ಇದು ನಿಜವಲ್ಲ. ಏರ್‌ಬ್ಯಾಗ್ ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೆ ಉಬ್ಬುತ್ತದೆ. ತೊಡೆಯ ಮೇಲಿನ ಮಗುವಿಗೆ ಆ ಹೊಡೆತವೇ ಪ್ರಾಣಾಂತಿಕ. ಏರ್‌ಬ್ಯಾಗ್ ತೆರೆಯದಿದ್ದರೂ ಡಿಕ್ಕಿಯ ವೇಗದಲ್ಲಿ ಯಾವ ತಾಯಿಯ ತೋಳೂ ಮಗುವನ್ನು ಹಿಡಿದಿಡಲಾರದು. ಮಕ್ಕಳ ಜಾಗ ಹಿಂದಿನ ಸೀಟು, ಅದೂ ಅವರಿಗೆಂದೇ ಇರುವ ಸೀಟು ಮತ್ತು ಬೆಲ್ಟಿನೊಂದಿಗೆ. ಅಮ್ಮಿ ಸ್ವಲ್ಪ ಮುನಿಸಿಕೊಂಡರೂ ನಾವು ಹಾಗೆಯೇ ಮಾಡಿದೆವು. ತಂಗಿಯೂ ಹಿಂದೆಯೇ ಕುಳಿತಳು. ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ ಸೊಂಟದ ಎಲುಬಿನ ಮೇಲೆ ಬರಬೇಕೆಂದು ಗರ್ಭಿಣಿಯರು ನೆನಪಿಡಬೇಕು.

ಹೊಸ ಕಾರು ಎಂದು ನಿಶ್ಚಿಂತೆಯಿಂದಿರಬೇಡಿ. ಏರ್‌ಬ್ಯಾಗಿನ ನಿಯಂತ್ರಕವನ್ನು ಪರೀಕ್ಷಿಸಲು ಮಾರುತಿ ಸುಜುಕಿ ಕಂಪನಿ 2023ರ ಜನವರಿಯಲ್ಲಿ 17,362 ಹೊಸ ಕಾರುಗಳನ್ನು ಹಿಂದಕ್ಕೆ ಕರೆಸಿತ್ತು. ಹಳೆಯ ಕಾರು ಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. ನಮ್ಮ ದೇಶದಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈಯಲ್ಲಿ. ಪಕ್ಕದ ಸೀಟಿನದು, ಅಂದರೆ ಹೆಚ್ಚಾಗಿ ನಾವು ಕೂರುವ ಸೀಟಿನದು, ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2022ರಿಂದ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಕೀ ತಿರುಗಿಸಿದಾಗ ದೀಪ ಹತ್ತದೆಯೇ ಇದ್ದರೆ, ಯಾರೋ ಮೊದಲೇ ಬಲ್ಬ್ ತೆಗೆದಿರಬಹುದು.

ಪ್ರಯಾಣದ ದುಆ ಓದಿಯೇ ನಾವು ಮನೆ ಬಿಡುತ್ತೇವೆ. ಅದರೊಂದಿಗೆ ಬೆಲ್ಟ್ ಕಟ್ಟುವುದೂ ಇರಲಿ. ದೀಪ ಆರದಿದ್ದರೆ ಮನೆಯವರಿಗೆ ಹೇಳಿ. "ಆಮೇಲೆ ನೋಡೋಣ" ಎಂದರೆ ಇನ್ನೊಮ್ಮೆ ಹೇಳಿ. ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿರುವ ಮಕ್ಕಳು ನಮಗೆ ಒಪ್ಪಿಸಲ್ಪಟ್ಟ ಅಮಾನತ್ ಅಲ್ಲವೇ?