ಡಬಲ್ ರೋಟಿಯ ಆಯುಸ್ಸು

ಉಳಿದ ಅನ್ನಕ್ಕೆ ಕನ್ನಡದಲ್ಲಿ ತಂಗಳು ಎನ್ನುತ್ತಾರೆ. ಉಳಿದ ರೊಟ್ಟಿಗೆ ನಮ್ಮ ಮನೆಮಾತಿನಲ್ಲಿ ಬಾಸಿ ಎನ್ನುತ್ತಾರೆ. ಉರ್ದು ಮತ್ತು ಕನ್ನಡ ಎರಡೂ ಶಾಲೆಗಳ ಬೆಂಚಿನ ಮೇಲೆ ಕೂತು ಬಂದ ನಮಗೆ ಈ ಎರಡು ಶಬ್ದಗಳು ಒಂದೇ ತಟ್ಟೆಯಲ್ಲಿ ಸಿಗುತ್ತವೆ. ಬಡವರ ಮನೆಯಲ್ಲಿ ತಂಗಳು ಎಲ್ಲರ ಬೆಳಗಿನ ಊಟ. ಉಳ್ಳವರ ಮನೆಯಲ್ಲಿ ಅದು ಬೇರೆ ಯಾರದೋ ಊಟ. ಆ ಬೇರೆಯವರು ಯಾರೆಂದು ನೋಡಿದರೆ ಸಾಮಾನ್ಯವಾಗಿ ಮನೆಯ ಸೊಸೆ, ಪಾತ್ರೆ ತೊಳೆಯಲು ಬರುವ ಹೆಂಗಸು, ಅಥವಾ ಬಾಗಿಲಲ್ಲಿ ನಿಂತ ಫಕೀರ.

ನಾವು ಚಿಕ್ಕವರಿದ್ದಾಗ ಬ್ರೆಡ್ಡು ದಿನನಿತ್ಯದ ವಸ್ತುವಾಗಿರಲಿಲ್ಲ. ಜ್ವರ ಬಂದವರಿಗೆ ಹಾಲಿನಲ್ಲಿ ಅದ್ದಿ ಕೊಡುತ್ತಿದ್ದ ಪಥ್ಯ ಅದು. ದೊಡ್ಡವರು ಅದನ್ನು ಡಬಲ್ ರೋಟಿ ಎನ್ನುತ್ತಿದ್ದರು. ಬೇಕರಿಯವನು ಸೈಕಲ್ಲಿನ ಹಿಂದೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದ. ದಾರಿಯಲ್ಲಿ ಒಂದು ತುಂಡು ಬಿದ್ದಿದ್ದರೆ ನಮ್ಮ ನಾನಿ ಅದನ್ನು ಎತ್ತಿ, ಕಣ್ಣಿಗೊತ್ತಿಕೊಂಡು, ಹಕ್ಕಿಗಳಿಗೆಂದು ಗೋಡೆಯ ಮೇಲೆ ಇಡುತ್ತಿದ್ದರು. "ರಿಜ್ಕ್ ಕಣ್ರೋ, ಕಾಲ ಕೆಳಗೆ ಬರಬಾರದು" ಎನ್ನುತ್ತಿದ್ದರು. ರಿಜ್ಕ್ ಎಂದರೆ ದೇವರು ನಮ್ಮ ಪಾಲಿಗೆ ಬರೆದ ಅನ್ನ.

ಈಗ ರಂಜಾನ್ ತಿಂಗಳಲ್ಲಿ ಬೆಂಗಳೂರಿನ ಶಿವಾಜಿನಗರದ ಕಡೆಗೋ ಫ್ರೇಜರ್ ಟೌನಿನ ಕಡೆಗೋ ಸಂಜೆ ಹೊತ್ತು ಹೋಗಿ ನೋಡಿ. ಶೀರ್ಮಾಲ್, ನಾನ್, ಕುಲ್ಚ, ಬನ್ನು, ಬ್ರೆಡ್ಡು ಎಲ್ಲವೂ ಬಿಸಿಬಿಸಿಯಾಗಿ ಹೊರಬರುತ್ತಿರುತ್ತವೆ. ಉಪವಾಸದ ಕಣ್ಣು ಕೊಳ್ಳುವಷ್ಟನ್ನು ಇಫ್ತಾರಿನ ಹೊಟ್ಟೆ ತಿನ್ನುವುದಿಲ್ಲ. ಖರ್ಜೂರ, ಗಂಜಿ, ಸಮೋಸ ಮುಗಿಯುವ ಹೊತ್ತಿಗೆ ರೊಟ್ಟಿಯ ಪೊಟ್ಟಣ ಅರ್ಧ ಹಾಗೆಯೇ ಉಳಿದಿರುತ್ತದೆ. ಅದು ನಡೆದು ಸೇರುವ ಜಾಗ ಫ್ರಿಜ್.

ಆದರೆ ರೊಟ್ಟಿಯ ಮಟ್ಟಿಗೆ ಫ್ರಿಜ್ಜಿನ ನಡುವಿನ ಹಲಗೆ ಎಲ್ಲಕ್ಕಿಂತ ಕೆಟ್ಟ ಜಾಗ. ಬ್ರೆಡ್ಡು ಗಟ್ಟಿಯಾಗುವುದು ನೀರು ಆರಿದ್ದರಿಂದ ಎಂದು ನಾವೆಲ್ಲ ತಿಳಿದಿರುತ್ತೇವೆ. 1852ರಲ್ಲೇ ಫ್ರಾನ್ಸಿನ ವಿಜ್ಞಾನಿ ಬೂಸಿಂಗೊ, ತೇವ ಹೊರಹೋಗದಂತೆ ಮುಚ್ಚಿಟ್ಟ ಬ್ರೆಡ್ಡೂ ಬಿರುಸಾಗುತ್ತದೆ, ಅದನ್ನೇ ಮತ್ತೆ ಬಿಸಿ ಮಾಡಿದರೆ ಮೆದುವಾಗುತ್ತದೆ ಎಂದು ತೋರಿಸಿದ್ದ. ಬೇಯುವಾಗ ನೀರು ಕುಡಿದು ಸಡಿಲಗೊಂಡ ಹಿಟ್ಟಿನ ಪಿಷ್ಟ, ಆರಿದ ಮೇಲೆ ಮತ್ತೆ ಸಾಲುಗಟ್ಟಿ ಬಿಗಿಯಾಗುತ್ತದೆ. ಈ ಬಿಗಿತ ಅತಿ ಬೇಗ ನಡೆಯುವುದು ಸೊನ್ನೆ ಡಿಗ್ರಿಗಿಂತ ತುಸು ಮೇಲೆ, ಅಂದರೆ ಸರಿಯಾಗಿ ನಮ್ಮ ಫ್ರಿಜ್ಜಿನ ಒಳಗಿನ ಚಳಿಯಲ್ಲಿ. ಹೊರಗಿಟ್ಟರೆ ಮಳೆಗಾಲದಲ್ಲಿ ಎರಡು ಮೂರು ದಿನಕ್ಕೆ ಬೂಸ್ಟು. ಒಳಗಿಟ್ಟರೆ ಬೂಸ್ಟು ತಡವಾಗುತ್ತದೆ, ಆದರೆ ಮರುದಿನಕ್ಕೇ ರಟ್ಟು. ಈ ಎರಡರಿಂದಲೂ ತಪ್ಪಿಸುವುದು ಫ್ರೀಜರ್. ಮೈನಸ್ 18 ಡಿಗ್ರಿಯಲ್ಲಿ ಪಿಷ್ಟದ ಆಟವೂ ಬೂಸ್ಟಿನ ಆಟವೂ ಬಹುಮಟ್ಟಿಗೆ ನಿಂತುಬಿಡುತ್ತವೆ.

ಅದಕ್ಕೂ ಒಂದು ಕ್ರಮವಿದೆ. ರೊಟ್ಟಿ ಪೂರ್ತಿ ಆರಿರಬೇಕು, ಬಿಸಿಯಿದ್ದರೆ ಹಬೆ ಒಳಗೇ ಹಿಮವಾಗುತ್ತದೆ. ಹಳಸುವವರೆಗೆ ಕಾಯದೆ ತಂದ ದಿನವೇ ಇಡಬೇಕು, ಏಕೆಂದರೆ ಫ್ರೀಜರ್ ಹಳತನ್ನು ಹೊಸದು ಮಾಡುವುದಿಲ್ಲ, ಇದ್ದ ಹಾಗೆ ನಿಲ್ಲಿಸುತ್ತದೆ ಅಷ್ಟೆ. ಒಂದು ಹೊತ್ತಿಗೆ ಬೇಕಾಗುವಷ್ಟನ್ನೇ ಒಂದೊಂದು ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಬಿಗಿಯಾಗಿ ಮುಚ್ಚಿ, ಮೇಲೆ ತಾರೀಖು ಬರೆದಿಟ್ಟರೆ ಒಳ್ಳೆಯದು. ಚಪಾತಿ, ಪರೋಟಗಳ ನಡುವೆ ಒಂದೊಂದು ಬೆಣ್ಣೆ ಕಾಗದ ಇಟ್ಟರೆ ಅಂಟುವುದಿಲ್ಲ. ಎರಡು ಬಾಗಿಲಿನ ಫ್ರಿಜ್ಜಾದರೆ ಎರಡು ಮೂರು ತಿಂಗಳು ರುಚಿ ಕೆಡದು. ನಮ್ಮಲ್ಲಿ ಬಹಳ ಮನೆಗಳಲ್ಲಿರುವ ಒಂದು ಬಾಗಿಲಿನ ಫ್ರಿಜ್ಜಿನ ಐಸು ಪೆಟ್ಟಿಗೆ ಅಷ್ಟು ತಣ್ಣಗಾಗುವುದಿಲ್ಲ. ಅಲ್ಲಿಟ್ಟದ್ದನ್ನು ಒಂದೆರಡು ವಾರದಲ್ಲಿ ಮುಗಿಸುವುದು ಲೇಸು. ತಿನ್ನುವಾಗ ಬ್ರೆಡ್ಡಿನ ಹೋಳನ್ನು ನೇರವಾಗಿ ಕಾದ ಹಂಚಿಗೆ ಹಾಕಬಹುದು. ನಾನ್, ಕುಲ್ಚಗಳ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಮುಚ್ಚಿ ಬಿಸಿ ಮಾಡಿದರೆ ಮೆತ್ತಗಾಗುತ್ತವೆ. ಬೂಸ್ಟು ಕಂಡ ಬ್ರೆಡ್ಡನ್ನು ಮಾತ್ರ ಕೆರೆದು ಉಳಿಸುವ ಗೋಜಿಗೆ ಹೋಗಬಾರದು. ಅದರ ಎಳೆಗಳು ಕಣ್ಣಿಗೆ ಕಾಣದಷ್ಟು ಒಳಗೆ ಇಳಿದಿರುತ್ತವೆ, ಚಳಿಗೆ ಸಾಯುವುದೂ ಇಲ್ಲ.

ಇದೆಲ್ಲ ಸಣ್ಣ ಮಾತು ಎನಿಸಬಹುದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ಲೆಕ್ಕದಂತೆ, 2022ರಲ್ಲಿ ಜಗತ್ತು ಸುಮಾರು 105 ಕೋಟಿ ಟನ್ ಆಹಾರವನ್ನು ಎಸೆಯಿತು. ಅದರಲ್ಲಿ ಶೇಕಡಾ 60ರಷ್ಟು ಹೋದದ್ದು ಮದುವೆ ಮಂಟಪದಿಂದಲ್ಲ, ಹೋಟೆಲಿನಿಂದಲ್ಲ, ಮನೆಗಳಿಂದ. ಅಂದರೆ ನಮ್ಮ ನಿಮ್ಮ ಅಡುಗೆಮನೆಗಳಿಂದ.

ಹಿಂದಿನವರು ಫ್ರೀಜರ್ ಇಲ್ಲದೆಯೂ ರೊಟ್ಟಿ ಎಸೆದವರಲ್ಲ. ಅರಬರ ತರೀದ್‌ನಲ್ಲಿ ರೊಟ್ಟಿಯ ಚೂರುಗಳು ಮಾಂಸದ ಸಾರಿನಲ್ಲಿ ನೆನೆಯುತ್ತವೆ. ಹೈದರಾಬಾದಿನ ಡಬಲ್ ಕಾ ಮೀಠಾ, ಹುರಿದ ಬ್ರೆಡ್ಡನ್ನು ಸಕ್ಕರೆ ಪಾಕ ಮತ್ತು ಹಾಲಿನಲ್ಲಿ ಮುಳುಗಿಸಿ ಮದುವೆ ಊಟದ ಪದವಿಗೆ ಏರಿಸಿತು. ಬೀದರ್, ಕಲಬುರಗಿಗಳ ಮದುವೆಗಳಲ್ಲೂ ಅದನ್ನು ಉಂಡಿದ್ದೇವೆ. ಅದಕ್ಕೆ ಒಂದು ದಿನದ ಹಳೆಯ ಬ್ರೆಡ್ಡೇ ಮೇಲು, ತಾಜಾ ಬ್ರೆಡ್ಡು ಪಾಕದಲ್ಲಿ ಕರಗಿಹೋಗುತ್ತದೆ.

ಆದರೂ ನಮ್ಮನ್ನು ಕಾಡುವ ಮಾತು ಬೇರೆ ಇದೆ. ನಮ್ಮ ಮೊಹಲ್ಲಾದಲ್ಲಿ ಫ್ರಿಜ್ ಒಂದೋ ಎರಡೋ ಮನೆಯಲ್ಲಿದ್ದ ಕಾಲದಲ್ಲಿ, ಹೆಚ್ಚಾದ ರೊಟ್ಟಿ ಅದೇ ರಾತ್ರಿ ಪಕ್ಕದ ಮನೆಗೆ ಹೋಗುತ್ತಿತ್ತು. ಇಟ್ಟರೆ ಕೆಡುತ್ತದೆ ಎಂಬ ಭಯ ಜನರನ್ನು ಉದಾರಿಗಳನ್ನಾಗಿ ಮಾಡುತ್ತಿತ್ತು. ಈಗ ಕೆಡುವುದಿಲ್ಲ, ಆದ್ದರಿಂದ ಕೊಡುವುದೂ ಇಲ್ಲ. ಬಕ್ರೀದಿನ ಮಾಂಸಕ್ಕೆ ಆದದ್ದೇ ರೊಟ್ಟಿಗೂ ಆಗುತ್ತಿದೆ. ವಾರಗಟ್ಟಲೆ ಮೂಲೆಯಲ್ಲಿದ್ದು ಐಸು ಹಿಡಿದ ಪೊಟ್ಟಣ ಕೊನೆಗೆ ಕೆಲಸದವಳ ಕೈಗೆ ಹೋಗುತ್ತದೆ. ಅದಕ್ಕೆ ಖೈರಾತು ಎಂಬ ಹೆಸರು ಬೇರೆ! ತಾವು ತಿನ್ನಲೊಲ್ಲದ್ದನ್ನು ಆರಿಸಿ ದಾನ ಕೊಡಬಾರದೆಂದು ಧರ್ಮ ಹೇಳುತ್ತದೆ. ಧರ್ಮ ಹೇಳದಿದ್ದರೂ ಮರ್ಯಾದೆ ಹೇಳಬೇಕಿತ್ತು.

ಆದ್ದರಿಂದ ನಮ್ಮ ಮನೆಯಲ್ಲಿ ಈಗ ಒಂದು ಕಟ್ಟಳೆ ಇದೆ. ಬೇಕರಿಯಿಂದ ಪೊಟ್ಟಣ ಬಂದ ಕೂಡಲೇ ಮೂರು ಪಾಲು. ಇವತ್ತು ತಿನ್ನುವುದು ಒಂದು, ಬಿಸಿಯಿರುವಾಗಲೇ ಯಾರಿಗಾದರೂ ಕೊಡುವುದು ಇನ್ನೊಂದು, ಉಳಿದದ್ದು ಆರಿದ ಮೇಲೆ ಫ್ರೀಜರಿಗೆ. ಫ್ರೀಜರಿಗೆ ಹೋದದ್ದನ್ನು ಹೊರತೆಗೆದು ತಿನ್ನುವವರು ನಾವೇ, ಮನೆಯ ಗಂಡಸರು ಹೆಂಗಸರು ಎಲ್ಲರೂ. ಕೆಲಸಕ್ಕೆ ಬರುವ ಬೂಬಮ್ಮನವರ ಪಾಲು ಮೊದಲೇ, ತಾಜಾ ಇದ್ದಾಗಲೇ, ಅವರ ಚೀಲ ಸೇರಿರುತ್ತದೆ.