ಅಗಲಕ್ಕೆ ಮನಸೋಲುವ ಮುನ್ನ

ಮೂರು ತಿಂಗಳ ಸ್ಟೈಪೆಂಡ್ ಉಳಿಸಿ ಗೇಮಿಂಗ್ ಮಾನಿಟರ್ ತಗೊಳ್ಳೋಕೆ ಹೊರಟಿದ್ದೆ. ಕಣ್ಣಿಗೆ ಬಿದ್ದಿದ್ದು 29 ಇಂಚಿನ ಅಲ್ಟ್ರಾವೈಡ್. ಆದರೆ ಇಂಚು ಅಳೆಯೋದು ಮೂಲೆಯಿಂದ ಮೂಲೆಗೆ. ಲೆಕ್ಕ ಹಾಕಿದರೆ ಆ 21:9 ಪರದೆಯ ಎತ್ತರ ಸಾಮಾನ್ಯ 23 ಇಂಚಿನ ಮಾನಿಟರಿನಷ್ಟೇ!

ಮೇಲಾಗಿ 2560×1080 ಅಂದರೆ 1920×1080ಕ್ಕಿಂತ ಮೂರನೇ ಒಂದು ಪಾಲು ಹೆಚ್ಚು ಪಿಕ್ಸೆಲ್. ಆ ಭಾರ ಹೊರಬೇಕಾದ್ದು ನನ್ನ ಹಳೇ ಗ್ರಾಫಿಕ್ಸ್ ಕಾರ್ಡ್. ರೇಸಿಂಗ್ ಆಡೋರಿಗೆ ಆ ಅಗಲ ಹಬ್ಬವೇ ಸರಿ. ನಾನು ಆಡೋದು ವ್ಯಾಲೊರಂಟ್. ಅಲ್ಲಿ ಅಗಲದ ಪರದೆಗೆ ಸಿಗೋದು ಅಕ್ಕಪಕ್ಕ ಕಪ್ಪು ಪಟ್ಟಿ.

ಅದಕ್ಕೇ 24 ಇಂಚಿನ 144 ಹರ್ಟ್ಜ್ ಮಾನಿಟರ್ ತಂದೆ. 60 ಹರ್ಟ್ಜ್‌ನಲ್ಲಿ 16.7 ಮಿಲಿಸೆಕೆಂಡಿಗೊಮ್ಮೆ ಬದಲಾಗುತ್ತಿದ್ದ ಚಿತ್ರ ಈಗ 6.9ಕ್ಕೊಮ್ಮೆ ಬದಲಾಗುತ್ತೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇಲ್ಲಿ ಹಾಸಿಗೆ ಅಂದರೆ ಜೇಬಷ್ಟೇ ಅಲ್ಲ, ಗ್ರಾಫಿಕ್ಸ್ ಕಾರ್ಡೂ ಹೌದು.